ಮಗ್ಗವಿಲ್ಲದ ನೇಕಾರ

ಮೊಳಕಾಲ್ಮುರು
9-11-2024, ಶನಿವಾರ

ದಿವ್ಯಾ, ನನ್ನ ತಾಯಿ,

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಸಂಜೆ ಬರುವ ಆ ಸಣ್ಣ ಜ್ವರ ಬಿಟ್ಟಿರಲಿ, ಹಾಸ್ಟೆಲಿನ ಅನ್ನ ಬಾಯಿಗೆ ಸೇರುತ್ತಿರಲಿ. ನಾನು ಇಲ್ಲಿ ಇದ್ದೇನೆ. ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ, ಅದಕ್ಕೇ ಇದ್ದೇನೆ ಎಂದಷ್ಟೇ ಬರೆದೆ.

ಗುರುವಾರ ಬೆಳಗಿನ ಜಾವ ಒಂದು ಕೆಟ್ಟ ಕನಸು ಬಿತ್ತು. ನಿನ್ನ ಆಸ್ಪತ್ರೆಯ ಸೆಂಟರಿನಲ್ಲಿ ಮಾತ್ರೆ ಎಣಿಸುತ್ತಾನಲ್ಲ ಆ ಮಾರುತೇಶ, ನಮ್ಮ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಸೀರೆ ಕೊಳ್ಳುವವರು ಸೀರೆಯನ್ನು ಬೆಳಕಿಗೆ ಹಿಡಿದು ಎಲ್ಲಿ ಎಳೆ ತಪ್ಪಿದೆ ಎಂದು ಹುಡುಕುತ್ತಾರಲ್ಲ, ಹಾಗೆ ನಿನ್ನನ್ನು ಎರಡು ಕೈಯಲ್ಲಿ ಎತ್ತಿ ಕಿಟಕಿಗೆ ಹಿಡಿದಿದ್ದ. ನೀನು ಸೀರೆಯಷ್ಟೇ ತೆಳ್ಳಗಿದ್ದೆ. "ತಪ್ಪು ಐತೆ, ಎಲ್ಲೋ ತಪ್ಪು ಐತೆ," ಎಂದು ಅವನು ಹೇಳುತ್ತಲೇ ಇದ್ದ. ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಹೇಳೋಣವೆಂದು ಬಾಯಿ ತೆರೆದರೆ ಬಾಯಿ ತುಂಬ ರೇಷ್ಮೆ ಎಳೆ. ಎಳೆದಷ್ಟೂ ಬರುತ್ತಿತ್ತು. ಎದ್ದು ನೀರು ಕುಡಿದು ಕುಳಿತೆ.

ಬರೆಯಲು ತಡವಾಯಿತು, ಬೇಸರ ಮಾಡಬೇಡ. ದೀಪಾವಳಿಗೆ ಮೊದಲೇ ಕುಳಿತು ಮೂರು ಹಾಳೆ ಹರಿದು ಹಾಕಿದೆ. ಮನೆಯಲ್ಲಿ ಆಡುವುದು ತೆಲುಗು, ಬರೆಯಲು ಬರುವುದು ಕನ್ನಡ, ಅದೂ ಏಳನೇ ಕ್ಲಾಸಿನ ಕನ್ನಡ. ಅದರಲ್ಲೂ ಮಧ್ಯೆ ಎರಡು ವರ್ಷ ನನ್ನನ್ನು ಸ್ಕೂಲು ಬಿಡಿಸಿ ಮಗ್ಗದ ಕಂಡಿಕೆಗೆ ನೂಲು ಸುತ್ತಲು ಕೂರಿಸಿದ್ದರು. ಫೋನಿನಲ್ಲಿ ಹೇಳೋಣ ಎಂದರೆ ನೀನು ಎತ್ತುವುದಿಲ್ಲ. ಎತ್ತದಿರುವುದೇ ಸರಿ. ಸೆಪ್ಟೆಂಬರಿನಲ್ಲಿ ನಾನು ನಿನಗೆ ಆಡಿದ ಮಾತು ನನಗೆ ನೆನಪಿದೆ. "ಸುಳ್ಳಿ. ಮಾತ್ರೆ ಮೋರಿಗೆ ಹಾಕಿ ನಮ್ಮ ಮುಂದೆ ಅಳ್ತೀಯಾ," ಎಂದಿದ್ದೆ. ಆಗ ನಿನ್ನ ಪಕ್ಕದಲ್ಲಿ ಪ್ರೇಮಲತಾ ಚಿಕ್ಕಮ್ಮ ಇದ್ದಳಂತೆ, ಸ್ಪೀಕರು ಹಾಕಿತ್ತಂತೆ, ಅವಳೂ ಕೇಳಿಸಿಕೊಂಡಳಂತೆ.

ನಿನ್ನ ಮೇಲೆ ಎಷ್ಟು ಜನ ಕುಳಿತು ತೀರ್ಪು ಕೊಟ್ಟರು ನೋಡು. ನಾಲ್ಕು ವರ್ಷದವಳಿದ್ದಾಗ ನಿನ್ನ ಕುತ್ತಿಗೆಯಲ್ಲಿ ಗಂಟು ಎದ್ದಿತು, ಪರೀಕ್ಷೆ ಮಾಡಿ ಎಚ್‌ಐವಿ ಎಂದರು. ಅವತ್ತಿನಿಂದ ಹದಿಮೂರು ವರ್ಷ ಒಂದು ದಿನ ತಪ್ಪದೆ ನುಂಗಿದವಳು ನೀನು. ಈ ಜೂನಿನಲ್ಲಿ ರಕ್ತದಲ್ಲಿ ವೈರಸ್ಸು ಏರಿದೆ ಎಂದರು. ಮೂರು ತಿಂಗಳು ಬುದ್ಧಿವಾದ ಹೇಳಿ ಮತ್ತೆ ನೋಡಿದರು, ಇನ್ನೂ ಏರಿತ್ತು. ಐನೂರು ಇದ್ದ ಬಿಳಿ ಕಣ ನೂರ ಎಂಬತ್ತಕ್ಕೆ ಇಳಿದಿದೆ. ಹತ್ತೊಂಬತ್ತನೇ ತಾರೀಕು ಮಂಗಳವಾರ ದೊಡ್ಡ ಡಾಕ್ಟರು ನಿನ್ನ ಫೈಲು ನೋಡುತ್ತಾರೆ. ಅದರಲ್ಲಿ ಹುಡುಗಿ ಸರಿಯಾಗಿ ನುಂಗುತ್ತಿಲ್ಲ ಎಂದು ಮಾರುತೇಶ ಬರೆದದ್ದೇ ನಿಂತರೆ ಇನ್ನೂ ಮೂರು ತಿಂಗಳು ಅದೇ ಮಾತ್ರೆ, ಅದೇ ಬುದ್ಧಿವಾದ. ಆ ಮೂರು ತಿಂಗಳು ನಿನ್ನ ಹತ್ತಿರ ಇದೆಯೋ ಇಲ್ಲವೋ ಎಂದು ಯೋಚಿಸುತ್ತಾ ನಾನು ಹಾಲು ಉಕ್ಕಿಸಿದ್ದು ಈ ವಾರದಲ್ಲಿ ನಾಲ್ಕು ಸಲ.

ಆ ಮಾರುತೇಶನ ಮುಖ ನಾನು ನೋಡಿಲ್ಲ. ಆದರೆ ಸೆಂಟರಿಗೆ ನಿನ್ನ ಜೊತೆ ಬರುವ ಚಿಕ್ಕಮ್ಮ ಹೇಳಿದ ಮೇಲೆ ನೋಡಿದಷ್ಟೇ ಆಯಿತು. ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಮಾತ್ರೆ ನುಂಗಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ನಗುವ ಮುಖದ ಚೀಟಿ ಅಂಟಿಸಿಕೋ ಎಂದು ಹದಿನೇಳು ವರ್ಷದ ಹುಡುಗಿಗೆ ಕೊಡುತ್ತಾನಂತೆ. ಡಬ್ಬಿ ಸುರಿದು ಎಣಿಸಿದನಂತೆ.

"ಲೆಕ್ಕ ಸರಿ ಐತೆ. ಆದ್ರೆ ಮೋರಿಗೆ ಹಾಕಿದ್ರೂ ಲೆಕ್ಕ ಸರಿನೇ ಇರ್ತೈತೆ," ಎಂದನಂತೆ.

"ಹಂಗಾದ್ರೆ ಎಣಿಸೋದ್ಯಾಕೆ ಸರ್?" ಎಂದು ನೀನು ಕೇಳಿದೆಯಂತೆ.

ಚಿಕ್ಕಮ್ಮ ಅದನ್ನು ನಿನ್ನ ಅಧಿಕಪ್ರಸಂಗ ಎಂದು ಹೇಳಿದಳು. ನಾನೂ ಅವತ್ತು ಹೌದು ಎಂದೆ. ಈಗ ಅದನ್ನು ನೆನೆಸಿಕೊಂಡು ಒಬ್ಬಳೇ ನಗುತ್ತೇನೆ, ಆಮೇಲೆ ಅಳುತ್ತೇನೆ. ಅವನು ಇನ್ನೊಂದು ಮಾತು ಹೇಳಿದನಂತೆ, "ವೈರಸ್ಸು ಬಹಳ ಬುದ್ಧಿವಂತ ಕಣಮ್ಮ, ನಾವೂ ಬುದ್ಧಿವಂತರಾಗಬೇಕು." ಈ ಮಾತು ಕೇಳಿ ನನಗೆ ಮೈ ಉರಿಯಿತು. ಅದು ಬುದ್ಧಿವಂತ ಅಲ್ಲ. ಯಾಕೆ ಅಲ್ಲ ಎಂದು ಈಗ ನನಗೆ ಗೊತ್ತು. ನಿನಗೂ ಗೊತ್ತಿರಲಿ ಎಂದೇ ಬರೆಯುತ್ತಿದ್ದೇನೆ. ನಿನ್ನ ಹೆದರಿಕೆಯಲ್ಲಿ ಸ್ವಲ್ಪವಾದರೂ ಅದರ ಮೇಲಿನ ಅಸಹ್ಯವಾಗಿ ತಿರುಗಲಿ.

ಹಬ್ಬ ಮುಗಿದ ಸೋಮವಾರ ಗಡಿ ದಾಟಿ ರಾಯದುರ್ಗದ ಕಡೆ ಹೋಗಿದ್ದೆ. ಅಲ್ಲಿ ಒಂದು ಆಸ್ಪತ್ರೆಯಲ್ಲಿ ಯರ್ರಮ್ಮ ಎಂದು ನನಗೆ ಗುರುತಿನ ನರ್ಸು ಇದ್ದಾಳೆ. ಇದೇ ರೋಗದ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಇರುವವಳು. ಅವಳಪ್ಪನೂ ಮಗ್ಗದವನೇ. ದಪ್ಪ ಹೆಂಗಸು, ಮಾತು ಒರಟು, ಕೈ ಮೆದು. ನನ್ನನ್ನು ನೋಡಿದವಳೇ, "ಏಮಿ ತಿಪ್ಪಕ್ಕಾ, ಮುಖ ಯಾಕೆ ಗಂಜಿ ಹಾಕಿದ ನೂಲಿನಂಗೆ ಬಿಗ್ದೈತೆ?" ಎಂದಳು.

"ಒಬ್ಬ ಹುಡುಗಿ ವಿಷಯ ಕೇಳ್ಬೇಕಿತ್ತು," ಎಂದೆ. "ದಿನಾ ನುಂಗ್ತಾಳೆ. ಆದ್ರೂ ಏರ್ತಾ ಐತೆ."

"ನುಂಗ್ತಾಳೆ ಅಂತ ಯಾರು ಹೇಳಿದ್ದು?"

"ಅವಳೇ."

"ನೀನು ನಂಬ್ತೀಯಾ?"

ಉತ್ತರ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು, ಮಗಳೇ. ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ನಂಬುತ್ತೇನೆ ಎಂದೆ.

"ಹಂಗಾದ್ರೆ ಕೂತ್ಕೋ. ನಂಬದೇ ಇರೋರಿಗೆ ನಾನು ಬಾಯಿ ನೋಯಿಸ್ಕೊಳ್ಳಲ್ಲ," ಎಂದು ಸ್ಟೂಲು ಕಾಲಲ್ಲೇ ನನ್ನ ಕಡೆ ತಳ್ಳಿದಳು.

ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ನೀನು ಸೈನ್ಸು ಓದುವವಳು, ತಪ್ಪಿದ್ದರೆ ತಿದ್ದಿಕೋ.

ಮೊದಲನೆಯದು, ಅದಕ್ಕೆ ಸ್ವಂತ ಮಗ್ಗ ಇಲ್ಲ. "ನೂಲಿಲ್ಲ, ಲಾಳಿ ಇಲ್ಲ, ಕೈ ಇಲ್ಲ, ಕಾಲಿಲ್ಲ. ನೇಕಾರ ಅಂತ ಹೇಳ್ಕೊಂಡು ತಿರುಗೋ ಸೋಮಾರಿ," ಎಂದಳು ಯರ್ರಮ್ಮ. ಒಂದು ನಮೂನೆಯ ಚೀಟಿ ಮಾತ್ರ ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮೈಗೆ ಬರುತ್ತದೆ. ಬಂದು ಸೇರುವುದು ಯಾರ ಮನೆಯನ್ನು ಗೊತ್ತೇ, ಕಾವಲುಗಾರರ ಮನೆಯನ್ನೇ. ರೋಗ ಬಂದರೆ ಕೂಗಿ ಎಬ್ಬಿಸಬೇಕಾದ ಬಿಳಿ ಕಣದ ಒಳಗೇ ಹೋಗಿ, ಅದರ ಮಗ್ಗದಲ್ಲಿ ಕುಳಿತು, ಅದರ ನೂಲಿನಲ್ಲೇ ತನ್ನ ನಮೂನೆ ನೇಯಿಸಿಕೊಳ್ಳುತ್ತದೆ. ನೇಯ್ದು ನೇಯ್ದು ಆ ಮನೆ ಕುಸಿದು ಬೀಳುತ್ತದೆ. ಹೊರಗೆ ಬಂದು ಪಕ್ಕದ ಮನೆ ಬಾಗಿಲು ಬಡಿಯುತ್ತದೆ. ಹೋದ ಮನೆಯನ್ನೆಲ್ಲ ಕೆಡವಿ ಬರುವವರನ್ನು ನಮ್ಮ ಓಣಿಯಲ್ಲಿ ಏನೆಂದು ಕರೆಯುತ್ತಾರೋ ಅದನ್ನು ನಿನಗೆ ಬರೆಯಬಾರದು.

"ಹಂಗಾದ್ರೆ ಉಳಿದ ಕಾವಲುಗಾರರು ಹಿಡಿಯಲ್ವಾ?" ಎಂದು ಕೇಳಿದೆ.

ಅದಕ್ಕೆ ಅವಳು ನಕ್ಕು, "ನಿಮ್ಮ ವೀರೇಶ ಸೀರೆ ಮಾರ್ತಾನಲ್ಲ, ಯಾರಾದ್ರೂ ಹಿಡಿದಿದ್ದಾರಾ?" ಎಂದಳು.

ನಿನ್ನ ಚಿಕ್ಕಪ್ಪನ ಪ್ರತಾಪ ಗಡಿಯಾಚೆಗೂ ಗೊತ್ತಾಗಿದೆ ನೋಡು. ಎಲ್ಲಿಂದಲೋ ಮಿಷನ್ನಿನ ಸೀರೆ ತಂದು, ನಮ್ಮ ಕೈಮಗ್ಗದ ಚೀಟಿಯನ್ನು ಸೆರಗಿಗೆ ಹೊಲಿದು, ಮೊಳಕಾಲ್ಮುರು ಎಂದು ಮಾರುವವನು. ನಾನು ಒಮ್ಮೆ ಕೇಳಿದ್ದಕ್ಕೆ, "ವದಿನಾ, ಸೀರೆ ಯಾರದಾದ್ರೇನು, ಚೀಟಿ ನಮ್ದೇ ಅಲ್ವಾ," ಎಂದು ಅತ್ತಿಗೆಯ ಮುಂದೆಯೇ ಹಲ್ಲು ಕಿರಿದಿದ್ದ. ಈ ವೈರಸ್ಸೂ ಅಷ್ಟೇ. ತನ್ನ ಮೈ ಮೇಲೆ ದಟ್ಟವಾಗಿ ಸಕ್ಕರೆಯ ಹೊದಿಕೆ ಹೊದ್ದಿರುತ್ತದೆ. ಆ ಸಕ್ಕರೆಯೂ ಅದರದ್ದಲ್ಲ, ನಮ್ಮ ಮೈಯದ್ದೇ, ನಮ್ಮ ಕಣದೊಳಗೇ ಹಚ್ಚಿಸಿಕೊಂಡು ಬಂದದ್ದು. ಕಾವಲಿನವರು ಮುಟ್ಟಿ ನೋಡಿ ನಮ್ಮವನೇ ಎಂದು ಬಿಡುತ್ತಾರೆ. ಕದ್ದ ಬಟ್ಟೆ ಉಟ್ಟು ಯಜಮಾನನ ಮನೆ ಮದುವೆಗೇ ಬಂದು ಊಟಕ್ಕೆ ಕುಳಿತ ಹಾಗೆ.

ಇನ್ನೊಂದು ಕೇಳು, ಇದು ನನಗೆ ಎಲ್ಲಕ್ಕಿಂತ ಹೇಸಿಗೆ ತಂದದ್ದು. ನಮ್ಮ ಮೈಯ ಪ್ರತಿಯೊಂದು ಕಣವೂ ಒಳಗೆ ಏನು ತಯಾರಾಗುತ್ತಿದೆ ಎಂದು ಒಂದು ಚೂರನ್ನು ತಂದು ಬಾಗಿಲ ಹೊರಗೆ ನೇತು ಹಾಕುತ್ತದಂತೆ. ಓಡಾಡುವ ಕಾವಲಿನವರು ಆ ಚೂರು ನೋಡಿ, ಇದು ನಮ್ಮದಲ್ಲ ಎಂದು ಕಂಡರೆ ಆ ಮನೆಯನ್ನೇ ಸುಟ್ಟುಬಿಡುತ್ತಾರೆ. ಎಷ್ಟು ಮರ್ಯಾದೆಯ ಏರ್ಪಾಡು. ಇದು ಒಳಗೆ ಹೋದ ಕೂಡಲೇ ಮಾಡುವ ಮೊದಲ ಕೆಲಸಗಳಲ್ಲಿ ಒಂದು ಎಂದರೆ ಆ ಚೂರು ನೇತು ಹಾಕುವ ಗೂಟವನ್ನೇ ಕಿತ್ತು ಒಳಗೆ ಎಳೆದುಕೊಳ್ಳುವುದು. ಹೊರಗಿನಿಂದ ನೋಡಿದರೆ ಸದ್ದಿಲ್ಲದ ಮನೆ.

ನಾನು ಅದನ್ನು ಬುದ್ಧಿವಂತ ಅಲ್ಲ ಎಂದೆನಲ್ಲ, ಅದಕ್ಕೆ ಬರುತ್ತೇನೆ. ತನ್ನ ನಮೂನೆಯನ್ನು ನಕಲು ಮಾಡುವಾಗ ಅದು ಕೆಟ್ಟ ಅವಸರ ಮಾಡುತ್ತದೆ, ಪ್ರತಿ ಸಲವೂ ಎಲ್ಲೋ ತಪ್ಪು ನೇಯುತ್ತದೆ. ಬಿಚ್ಚಿ ಮತ್ತೆ ನೇಯುವ ಪದ್ಧತಿ ಅದಕ್ಕಿಲ್ಲ. ನಮ್ಮಲ್ಲಿ ಅಂಥವನನ್ನು ಮಗ್ಗದ ಮೇಲೆ ಒಂದು ದಿನ ಇಟ್ಟುಕೊಳ್ಳುವುದಿಲ್ಲ. ಒಂದು ದಿನಕ್ಕೆ ಕೋಟಿಗಟ್ಟಲೆ ತುಂಡು, ತುಂಡಿಗೊಂದು ತಪ್ಪು. ಅದರಲ್ಲಿ ಬಹುಪಾಲು ಕಸ. ಆದರೆ ಕಾವಲಿನವರು ಹಳೆಯ ಬುಟ್ಟಾದ ಚಿತ್ತಾರ ಗುರುತಿಟ್ಟುಕೊಂಡು ಹುಡುಕುತ್ತಿರುವಾಗ, ಆ ತಪ್ಪುಗಳಲ್ಲಿ ಯಾವುದೋ ಒಂದು ಬೇರೆ ಬುಟ್ಟಾ ಆಗಿಬಿಟ್ಟಿರುತ್ತದೆ. ಅದು ಉಳಿಯುತ್ತದೆ, ಉಳಿದದ್ದು ತುಂಬಿಕೊಳ್ಳುತ್ತದೆ. ಇವರು ಅದನ್ನು ಕಲಿಯುವ ಹೊತ್ತಿಗೆ ಇನ್ನೊಂದು. ಇದರಲ್ಲಿ ಬುದ್ಧಿ ಎಲ್ಲಿದೆ? ನಾಚಿಕೆ ಇಲ್ಲದವನು ಸಾವಿರ ಸಲ ತಪ್ಪು ಮಾಡಿ ಒಮ್ಮೆ ತಪ್ಪಿಸಿಕೊಂಡರೆ ಅವನನ್ನು ಬುದ್ಧಿವಂತ ಎನ್ನುತ್ತೇವೆಯೇ? ಮಾರುತೇಶ ಎನ್ನುತ್ತಾನೆ. ಅವನಿಗೆ ಇಂಥವರ ಮೇಲೆ ಗೌರವ, ನಿಯತ್ತಾಗಿ ನುಂಗುವ ಹುಡುಗಿಯ ಮೇಲೆ ಅನುಮಾನ.

ಮಾತ್ರೆಯ ವಿಷಯ ಹೇಳುವಾಗ ಯರ್ರಮ್ಮ ದನಿ ತಗ್ಗಿಸಿದಳು. ನಿನ್ನ ಒಂದು ಮಾತ್ರೆಯಲ್ಲಿ ಮೂರು ಔಷಧ ಇವೆ. ಮೂರೂ ಸೇರಿ ಮಗ್ಗವನ್ನು ನಿಲ್ಲಿಸುತ್ತವೆ. ಒಂದನ್ನು ದಾಟುವ ತಪ್ಪು ಹುಟ್ಟಿದರೂ ಇನ್ನೆರಡು ಹಿಡಿಯುತ್ತವೆ, ಅದಕ್ಕೇ ಮೂರು. ಆದರೆ ಯಾರಾದರೂ ಆಗಾಗ ಎರಡು ದಿನ, ಮೂರು ದಿನ ಬಿಟ್ಟು ಬಿಟ್ಟು ನುಂಗಿದರೆ, ಔಷಧ ಮೈಯಲ್ಲಿ ತೆಳುವಾಗುತ್ತದೆ. ಕೊಲ್ಲುವಷ್ಟು ಇರುವುದಿಲ್ಲ, ಗುರುತು ಹಿಡಿಸುವಷ್ಟು ಮಾತ್ರ ಇರುತ್ತದೆ. ಆಗ ಆ ಔಷಧವನ್ನು ದಾಟುವ ನಮೂನೆಗಳೇ ಬದುಕಿ ಬೆಳೆಯುತ್ತವೆ.

"ಬೆಳೆದ್ಮೇಲೆ ಸರಿಯಾಗಿ ನುಂಗಿದ್ರೆ ಹೋಗಲ್ವಾ?" ಎಂದೆ.

"ಎಲ್ಲಿಗೆ ಹೋಗ್ತೈತೆ? ನೀನು ಎಳೆ ಸೇರಿಸೋಳು, ನಿನಗೆ ಹೇಳಿಕೊಡ್ಬೇಕಾ?"

ನಿಜ. ಸೀರೆ ಮುಗಿದಾಗ ನಾವು ಮಗ್ಗವನ್ನು ಬರಿದು ಮಾಡುವುದಿಲ್ಲ. ಹಳೆಯ ಹಾಸಿನ ಉದ್ದೆಳೆಗಳ ಮೊಳದುದ್ದ ತುದಿಯನ್ನು ಹಣಿಗೆಯ ಹಲ್ಲಿನಲ್ಲೇ ಬಿಟ್ಟು, ಹೊಸ ಹಾಸಿನ ನಾಲ್ಕು ಸಾವಿರ ಎಳೆಯನ್ನೂ ಒಂದೊಂದಾಗಿ ಅದಕ್ಕೆ ಹೊಸೆದು ಸೇರಿಸುತ್ತೇವೆ. ಮೂವತ್ತು ವರ್ಷದಿಂದ ನಾನು ಮನೆ ಮನೆಗೆ ಹೋಗಿ ಮಾಡುತ್ತಿರುವುದು ಅದನ್ನೇ. ಅದೇ ರೀತಿ ಇದೂ ಕೆಲವು ಹಳೆಯ ಕಣಗಳ ಒಳಗೆ ತನ್ನ ನಮೂನೆಯನ್ನು ಅವುಗಳ ಸ್ವಂತ ಎಳೆಗೇ ಹೊಸೆದು ಸುಮ್ಮನೆ ಮಲಗಿಬಿಡುತ್ತದೆ. ನೇಯುವುದಿಲ್ಲ, ಸದ್ದು ಮಾಡುವುದಿಲ್ಲ. ಔಷಧ ಹಿಡಿಯುವುದು ನಡೆಯುತ್ತಿರುವ ಮಗ್ಗವನ್ನು ಮಾತ್ರ. ನಿಂತ ಮಗ್ಗದಲ್ಲಿ ಅದಕ್ಕೆ ಏನು ಕೆಲಸ? ವರ್ಷಗಟ್ಟಲೆ ಹಾಗೇ ಇದ್ದು ಯಾವತ್ತೋ ಏಳುತ್ತದೆ. ಹಿಂದೆ ಕಂಡ ಔಷಧದ ನೆನಪೂ ಅದರ ಜೊತೆಗೇ ಏಳುತ್ತದೆ. ಎಂಥ ಹೇಡಿ ನೋಡು.

"ಆ ಹುಡುಗಿ ಒಂದು ದಿನಾನೂ ಬಿಟ್ಟಿಲ್ಲ ಅಂತೀಯ," ಎಂದಳು ಯರ್ರಮ್ಮ. "ಹಂಗಾದ್ರೆ ಅವಳಿಗೆ ರೋಗ ಕೊಟ್ಟವರು ಮಾತ್ರೆ ಬಿಟ್ಟಿರ್ಬೇಕು. ಅವರ ಮೈಯಲ್ಲೇ ಮೂರರಲ್ಲಿ ಎರಡನ್ನ ದಾಟೋದು ಕಲ್ತು ಬಂದೈತೆ ಅಂದ್ಕೋ. ಇಲ್ಲಿ ಮಲಗಿತ್ತು. ಮೂರನೇದು ಒಂಟಿಯಾಗಿ ತಡೀತು, ತಡೀತು, ಎಷ್ಟು ವರ್ಷ ತಡೀತೈತೆ? ಅದಕ್ಕೆ ಬುದ್ಧಿವಾದ ಹೇಳಿದ್ರೆ ಏನು ಬಂತು? ಬೇರೆ ಮಾತ್ರೆನೇ ಬೇಕು. ಅವಳ ಡಾಕ್ಟ್ರಿಗೆ ಕೊಟ್ಟವರು ಯಾರು, ಯಾವ ಯಾವ ಮಾತ್ರೆ ನುಂಗಿದ್ರು ಅಂತ ಪಟ್ಟಿ ಸಿಕ್ಕಿದ್ರೆ ಅರ್ಧ ದಾರಿ ಮುಗೀತು. ಎಲ್ಲಿಂದ ಬಂತು ಅವಳಿಗೆ?"

"ಚಿಕ್ಕಂದಿನಲ್ಲಿ ರಕ್ತ ಹಾಕಿಸಿದ್ರು. ಆ ಬಾಟಲಿಯಿಂದ."

ಯರ್ರಮ್ಮ ನನ್ನನ್ನು ನೋಡಿದಳು. "ಹಂಗಂತ ಬರ್ದೈತಾ?" ಎಂದಳು.

"ಬರ್ದೈತೆ."

"ಬರ್ಸಿದ್ದು ಯಾರು?"

ನನಗೆ ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದುಬಿಟ್ಟೆ. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಸ್ಟ್ಯಾಂಡಿನ ಕಲ್ಲಿನ ಮೇಲೆ ಕುಳಿತಿದ್ದೆ.

ಇಷ್ಟು ನಿನಗೆ ತಿಳಿದರೆ ಸಾಕು. ಮಂಗಳವಾರ ಯಾರು ಏನೇ ಅಂದರೂ ತಲೆ ತಗ್ಗಿಸಬೇಡ. ಮಾರುತೇಶ ಮತ್ತೆ ಡಬ್ಬಿ ಸುರಿದರೆ ಸುರಿಯಲಿ, ಅವನಿಗೂ ಕೈಗೊಂದು ಕೆಲಸ ಬೇಕಲ್ಲ. ದೊಡ್ಡ ಡಾಕ್ಟರಿಗೆ ನೇರವಾಗಿ, ಯಾವ ಮಾತ್ರೆಗೆ ಇದು ಬಗ್ಗುತ್ತದೆ ಎಂದು ನೋಡುವ ರಕ್ತ ಪರೀಕ್ಷೆ ಇದ್ದರೆ ಮಾಡಿಸಿ ಎಂದು ಕೇಳು. ಸದ್ಯಕ್ಕೆ ಇರುವ ಮಾತ್ರೆಯನ್ನು ಅವರು ಹೇಳುವ ತನಕ ಬಿಡಬೇಡ. ರಾತ್ರಿ ಎಂಟಕ್ಕೆ ಎಂದರೆ ಎಂಟಕ್ಕೆ. ಕೆಮ್ಮು ಹದಿನೈದು ದಿನ ದಾಟಿದ್ದರೆ ಕಫದ ಪರೀಕ್ಷೆಯನ್ನೂ ಕೇಳು, ನಾಚಿಕೆ ಮಾಡಿಕೊಳ್ಳಬೇಡ. ಸ್ವೆಟರು ಹಾಕಿಕೋ. ತಲೆಗೆ ನೀರು ಹಾಕಿಕೊಂಡು ಗಾಳಿಗೆ ನಿಲ್ಲಬೇಡ. ಹಾಸ್ಟೆಲಿನ ಟ್ಯಾಂಕಿನ ನೀರು ಕುದಿಸದೆ ಕುಡಿಯಬೇಡ. ನಿನ್ನ ರೂಮಿನ ಆ ಹುಡುಗಿ ತೇಜಶ್ರೀ ನಿನ್ನ ಡಬ್ಬಿಯನ್ನು ನೋಡಿ ಯಾವ ಮಾತ್ರೆ ಎಂದು ಕೇಳಿದ್ದಳು ಎಂದೆಯಲ್ಲ, ಮತ್ತೆ ಕೇಳಿದಳೇ? ರಕ್ತ ಕಡಿಮೆ, ಅದಕ್ಕೆ ಎಂದು ಹೇಳಿದ್ದೀಯಲ್ಲ, ಅಷ್ಟೇ ಇರಲಿ.

ಊರಿನ ಸುದ್ದಿ ಬರೆಯಲು ಹೆಚ್ಚಿಲ್ಲ. ನಿನ್ನ ಸೀರೆ, ಆ ನೇರಳೆ ಬಣ್ಣದ್ದು, ಸೆರಗಿಗೆ ಬಂದಿದೆ. ಚಿಕ್ಕೀರಪ್ಪ ಮಾವ ದಿನಕ್ಕೆ ಎರಡು ಗೇಣು ನೇಯುತ್ತಾನೆ, ಮೂರು ಗೇಣು ಮಾತಾಡುತ್ತಾನೆ. ವೀರೇಶ ಚಿಕ್ಕಪ್ಪ ಹಬ್ಬಕ್ಕೆ ಬಂದು ನಿನ್ನನ್ನು ಕೇಳಿದ. "ಹುಡುಗಿ ಡಲ್ಲಾಗೈತಂತೆ, ಏನು ವದಿನಾ?" ಎಂದ. ಪರೀಕ್ಷೆ ಹತ್ತಿರ ಬಂತು, ಓದು ಎಂದೆ. ಅವನ ಮುಖಕ್ಕೆ ಅಷ್ಟು ಸಾಕು.

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ, ವಾರ್ಡನ್ ಒಡೆದರೆ ಎಂಬ ಹೆದರಿಕೆ. ನಮ್ಮ ಓಣಿಯ ಯತ್ತಪ್ಪಣ್ಣ ಸೋಮವಾರ ಚಳ್ಳಕೆರೆ ಸಂತೆಗೆ ಬರುತ್ತಾನೆ, ಕಾಲೇಜಿನ ಗೇಟಿನಲ್ಲಿ ನಿನ್ನ ಕೈಗೇ ಕೊಡುತ್ತಾನೆ. ಗಂಜಿಯಿಂದ ಎರಡು ಸಲ ಅಂಟಿಸುತ್ತೇನೆ. ಅಂಟು ಬಿಟ್ಟಿದ್ದರೆ ನನಗೆ ತಿಳಿಸು.

ನಿನ್ನ ಮೈ ನಿನ್ನದಾಗಿಯೇ ಉಳಿಯಲಿ. ನಿನ್ನ ಕಾವಲಿನವರು ಮತ್ತೆ ಐನೂರಾಗಲಿ, ಸಾವಿರವಾಗಲಿ. ಜಟಿಂಗ ರಾಮೇಶ್ವರನ ಬೆಟ್ಟಕ್ಕೆ ನಿನ್ನ ಕಾಲ ಮೇಲೆ ನೀನೇ ಹತ್ತುವ ಹಾಗಾಗಲಿ. ನಾನು ಕೇಳಿಕೊಂಡಿರುವುದು ಇಷ್ಟೇ.

ನಿನ್ನ ಅವ್ವ
ತಿಪ್ಪಕ್ಕ

ಮರೆತು ಹೋದದ್ದಲ್ಲ, ಮೇಲೆ ಬರೆಯಲಾಗದ್ದು:

ದಿವ್ಯಾ, ನಿನಗೆ ಯಾರೂ ಯಾವತ್ತೂ ರಕ್ತ ಹಾಕಿಲ್ಲ. ಅಂಥ ಬಾಟಲಿ ಇರಲೇ ಇಲ್ಲ.

ಯರ್ರಮ್ಮ ನನಗೆ ಗುರುತು ಹೇಗೆ ಎಂದು ನೀನು ಕೇಳುವವಳೇ. 2006ರಿಂದ ನಾನು ಅಲ್ಲಿ ಮಾತ್ರೆ ತರುತ್ತಿದ್ದೇನೆ. ತವರಿನ ಮನೆತನದ ಹೆಸರಿನಲ್ಲಿ, ಇಲ್ಲಿಯವರ ಕಣ್ಣಿಗೆ ಬೀಳದಿರಲಿ ಎಂದು ಗಡಿ ದಾಟಿ. ನಿನ್ನ ಅಪ್ಪ ವೆಂಕಟೇಶಪ್ಪನಿಗೆ ಕಾಮಾಲೆ ಎಂದು ಹೇಳಿದ್ದೆವಲ್ಲ, ಅದೂ ಇದೇ. ಅವರಿಂದ ನನಗೆ ಬಂತು. ಅವರ ಬಗ್ಗೆ ಈಗ ಏನೂ ಬರೆಯುವುದಿಲ್ಲ, ಅವರು ಉತ್ತರ ಹೇಳಲು ಇಲ್ಲ.

ಮಾತ್ರೆಯನ್ನು ನಾನು ಮಗ್ಗದ ಗುಂಡಿಯಲ್ಲಿ, ಕಾಲು ತುಳಿಯುವ ಹಲಗೆಯ ಹಿಂದೆ ಗೋಡೆಯ ಗೂಡಿನಲ್ಲಿ ಬಚ್ಚಿಡುತ್ತಿದ್ದೆ. ಮನೆಯಲ್ಲಿ ಯಾರೂ ಕೈ ಹಾಕದ ಜಾಗ ಅದೊಂದೇ. ಆದರೆ ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಹಿಂದಿನ ದಿನವೇ ನಿನ್ನ ಅಜ್ಜಿ ಮಗ್ಗದ ಮನೆ ತೊಳೆದು, ಕುಂಕುಮ ಇಟ್ಟು ಬೀಗ ಹಾಕುತ್ತಿದ್ದಳು. ಪೂಜೆಗೆ ತೆರೆದರೂ ಯಾರೂ ಗುಂಡಿಗೆ ಕಾಲಿಡುವ ಹಾಗಿಲ್ಲ. ಮಾರನೇ ದಿನ ಗಂಡಸರು ಮಗ್ಗಕ್ಕೆ ಇಳಿದು ಎದ್ದ ಮೇಲೇ ನನಗೆ ಸಂದು ಸಿಗುತ್ತಿದ್ದದ್ದು. ತಿಂಗಳಿಗೆ ಎರಡು ದಿನ, ಕೆಲವು ತಿಂಗಳು ಮೂರು ದಿನ ಬಿಡುತ್ತಿದ್ದೆ. ಬೇರೆ ಕಡೆ ಇಟ್ಟುಕೊಳ್ಳಬಹುದಿತ್ತು. ಮಗ್ಗಕ್ಕೂ ರಜೆ, ಮಾತ್ರೆಗೂ ರಜೆ, ಆ ಪಿಶಾಚಿಗೂ ರಜೆ ಎಂದುಕೊಂಡಿದ್ದೆ. ದೇವರ ದಿನ ಏನೂ ಆಗುವುದಿಲ್ಲ ಎಂದುಕೊಂಡಿದ್ದೆ. ಅದಕ್ಕೆ ಅಮಾವಾಸ್ಯೆ ಇಲ್ಲ ಎಂದು ನನಗೆ ಯಾರೂ ಹೇಳಲಿಲ್ಲ, ನಾನು ಯಾರನ್ನೂ ಕೇಳಲೂ ಇಲ್ಲ.

ಮಾತ್ರೆ ಶುರುವಾದ ಮರುವರ್ಷ ನೀನು ಹುಟ್ಟಿದೆ. ಆಸ್ಪತ್ರೆಯಲ್ಲೇ ಹೆರಿಗೆ ಆಗಬೇಕು, ಮಗುವಿಗೂ ಔಷಧ ಇದೆ ಎಂದು ಯರ್ರಮ್ಮನೇ ಬಡಿದುಕೊಂಡಿದ್ದಳು. ನಾನು ಅಲ್ಲಿಗೆ ಹೋಗಲಿಲ್ಲ. ಕೊಂಡ್ಲಹಳ್ಳಿಯ ತವರಿನಲ್ಲಿ, ನಮ್ಮವ್ವನ ಕೈಯಲ್ಲಿ ಹೆತ್ತೆ. ಮಗು ಹೋಯಿತು ಎಂದು ಯರ್ರಮ್ಮನಿಗೆ ಹೇಳಿಬಿಟ್ಟೆ. ಬಾಯಿಂದ ಬಂದ ಸುಳ್ಳು. ಅವತ್ತಿನಿಂದ ಅವಳ ಲೆಕ್ಕದಲ್ಲಿ ನೀನಿಲ್ಲ. ಹಾಲು ಕುಡಿಸದಿದ್ದರೆ ಯಾಕೆ ಎಂದು ಕೇಳುತ್ತಾರೆ ಎಂದು ಎರಡು ವರ್ಷ ಹಾಲು ಕುಡಿಸಿದೆ.

ನಿನಗೆ ರೋಗ ಇದೆ ಎಂದಾಗ ತಾಯಿಯ ರಕ್ತವನ್ನೂ ನೋಡಬೇಕು ಎಂದರು. ನನ್ನ ಹೆಸರು ಹೇಳಿ ಕುರ್ಚಿಯಲ್ಲಿ ಕುಳಿತು ತೋಳು ಚಾಚಿದವಳು ಪ್ರೇಮಲತಾ. ಅವಳ ಮೇಲೆ ಕೋಪ ಬೇಡ, ನಾನೇ ಕಾಲು ಹಿಡಿದು ಕೂರಿಸಿದ್ದು. ತಾಯಿಗೆ ಇಲ್ಲ ಎಂದಾದ ಮೇಲೆ ರಕ್ತದ ಬಾಟಲಿಯ ಕಥೆ ಹೇಳಿಸಿದ್ದೂ ನಾನೇ. ನನ್ನ ಕೆಲಸ ನಿನಗೆ ಗೊತ್ತಲ್ಲ, ಎಳೆ ಹೊಸೆಯುವಾಗ ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಳ್ಳುತ್ತೇನೆ. ಎಂಜಲಿನಿಂದ ಇದು ಹರಡುವುದಿಲ್ಲ ಎಂದು ಡಾಕ್ಟರು ನನಗೆ ಹೇಳಿದ್ದರು, ಊರಿಗೆ ಹೇಳುವವರು ಯಾರು? ತಿಳಿದಿದ್ದರೆ ಒಂದು ಮನೆಯವರೂ ನನ್ನನ್ನು ಮಗ್ಗದ ಹತ್ತಿರ ಬಿಡುತ್ತಿರಲಿಲ್ಲ.

2013ರಲ್ಲಿ ನನಗೆ ಅಲ್ಲಿ ಮಾತ್ರೆ ಬದಲಾಯಿಸಿದರು. ಹಳೆಯದು ಇನ್ನು ನನ್ನ ಮೈಯಲ್ಲಿ ನಡೆಯುವುದಿಲ್ಲ ಎಂದರು. ಅದನ್ನೂ ನಿನ್ನನ್ನೂ ಸೇರಿಸಿ ಯೋಚಿಸಲು ಏಳನೇ ಕ್ಲಾಸು ಸಾಕಿತ್ತು. ನಾನು ಯೋಚಿಸಲಿಲ್ಲ. ಸೆಪ್ಟೆಂಬರಿನಲ್ಲಿ ಫೋನಿನಲ್ಲಿ ನಿನ್ನನ್ನು ಸುಳ್ಳಿ ಎಂದೆನಲ್ಲ, ಆಗ ನನ್ನ ಇನ್ನೊಂದು ಕೈಯಲ್ಲಿ ನನ್ನ ಮಾತ್ರೆ ಇತ್ತು.

ನನ್ನ ಆಸ್ಪತ್ರೆ ಪುಸ್ತಕದ ಎಲ್ಲ ಹಾಳೆಯ ಜೆರಾಕ್ಸನ್ನೂ ಇದರ ಜೊತೆ ಇಟ್ಟಿದ್ದೇನೆ, ಯಾವ ವರ್ಷ ಯಾವ ಮಾತ್ರೆ ಎಂದು ಅದರಲ್ಲಿ ಇದೆ. ಅದನ್ನು ದೊಡ್ಡ ಡಾಕ್ಟರ ಕೈಗೆ ಕೊಡು, ಮಾರುತೇಶನ ಕೈಗಲ್ಲ. ಹತ್ತೊಂಬತ್ತರ ಮಂಗಳವಾರ ಮೊದಲ ಬಸ್ಸಿಗೆ ನಾನೂ ಬರುತ್ತೇನೆ. ರಕ್ತ ಬೇಕೆಂದರೆ ಈ ಸಲ ನಾನೇ ಕೂರುತ್ತೇನೆ. ನೀನು ಮಾತಾಡಿಸದಿದ್ದರೂ ಗೇಟಿನ ಹೊರಗೆ ನಿಂತಿರುತ್ತೇನೆ.

ಅದಕ್ಕೆ ಮೊದಲು ಒಂದು ಕೆಲಸ ಮಾಡು. ನಿನ್ನ ಪುಸ್ತಕದ ಮೊದಲನೇ ಹಾಳೆಯಲ್ಲಿ ತಾಯಿಯ ರಕ್ತ ಪರೀಕ್ಷೆ ಎಂದು ಒಂದು ಸಾಲು ಇದೆ. ಅದರ ಮುಂದೆ 'ರೋಗ ಇಲ್ಲ' ಎಂದು ಬರೆದಿದ್ದಾರೆ ಎಂದು ನನ್ನ ನೆನಪು. ಹಾಗಿದ್ದರೆ ಮೊದಲು ಆ ಸುಳ್ಳನ್ನು ತಿದ್ದಿಸಬೇಕು. ಹದಿಮೂರು ವರ್ಷದ ಹಿಂದಿನದು, ಅವತ್ತು ನಾನು ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ, ಬರೆಯುವುದನ್ನು ನೋಡಲಿಲ್ಲ. ಅವರು ಹಾಗೇ ಬರೆದಿದ್ದಾರೋ, ಇಲ್ಲ ಆ ಜಾಗ ಖಾಲಿ ಬಿಟ್ಟಿದ್ದಾರೋ, ಇನ್ನೊಂದು ಸಲ ನೋಡಿ ನನಗೆ ಹೇಳು.